ಹಸಿರು ಚಾಪೆಯ ಕೆಳಗಿನ ಹಗೇವು

ನಾನು ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹುಮನಾಬಾದ್, ಬಸವಕಲ್ಯಾಣದ ಸುತ್ತ ಸರಕಾರಿ ಕಾಮಗಾರಿಗಳಲ್ಲಿ ದುಡಿದೆ. ರಸ್ತೆ, ಮೋರಿ, ಶಾಲೆಯ ಪಾಯ, ಅಧಿಕಾರಿಗಳ ಬಂಗಲೆಯ ಅಂಗಳ, ಎಲ್ಲವನ್ನೂ ಮಾಡಿಸಿದೆ. ಹಾವಿಗೆ, ಚೇಳಿಗೆ ಅಂಜಲಿಲ್ಲ. ಅಂಜಿದ್ದು ಎರಡಕ್ಕೆ: ಒಂದು ಕರಿ ಮಣ್ಣಿನ ಎರಿ ನೆಲ, ಇನ್ನೊಂದು ಮೇಲಿನ ಸಾಹೇಬರು. ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಅಂಜಬೇಕು ಎನ್ನುವುದರಲ್ಲಿ ಒಂದು ಸಲ ತಪ್ಪಿದೆ. ಆ ಸಂಗತಿ ಬರೆಯಬೇಕೆಂದೇ ಈಗ ಕುಳಿತಿದ್ದೇನೆ.

ಈ ಕೆಲಸಕ್ಕೆ ಹೊಸದಾಗಿ ಸೇರಿದ ತರುಣರು ಒಮ್ಮೊಮ್ಮೆ ಮನೆಗೆ ಬರುತ್ತಾರೆ. "ಕಾಕಾ, ಎರಿ ನೆಲದಾಗ ಪಾಯಾ ಹ್ಯಾಂಗ ಹಾಕಬೇಕ್ರಿ?" ಎಂದು ಕೇಳುತ್ತಾರೆ. ಅವರ ಕೈಯಲ್ಲಿ ಮಣ್ಣು ಪರೀಕ್ಷೆಯ ಕಾಗದ ಇರುತ್ತದೆ. ಅದರಲ್ಲಿ ಬರೆದದ್ದು ಸುಳ್ಳಲ್ಲ. ಆದರೆ ಬೇಸಿಗೆಯಲ್ಲಿ ನಮ್ಮ ಕರಿ ಮಣ್ಣು ಬಿರಿದಾಗ ಅದರ ಬಾಯೊಳಗೆ ಕೋಲು ಇಳಿಸಿ ನೋಡಿದವರಿಗೆ ಗೊತ್ತು, ಅದು ಕಾಗದದ ಮಾತು ಕೇಳುವ ಜಾತಿಯಲ್ಲ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಮೇಲೆ ಕಟ್ಟಿದವನ ಮಾನ ಎರಡೂ ಸಲ ಹೋಗುತ್ತದೆ.

ನಾನು ಕೂಲಿಯಾಗಿ ಸೇರಿದ್ದು ೧೯೫೬ರಲ್ಲಿ, ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಅಳತೆ ಪುಸ್ತಕದಲ್ಲಿ ಇನ್ನೂ ಉರ್ದು ಇತ್ತು. ಸಾಹೇಬರು ಇಂಗ್ಲಿಷಿನಲ್ಲಿ ಬೈಯುತ್ತಿದ್ದರು, ಮೇಸ್ತ್ರಿ ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದರು, ನಾವು ಕನ್ನಡದಲ್ಲಿ ಮಣ್ಣು ಹೊರುತ್ತಿದ್ದೆವು. ಆ ಮೇಸ್ತ್ರಿಯ ಹೆಸರು ನಬಿಸಾಬ್. ನನಗೆ ಕೆಲಸ ಕಲಿಸಿದ ಉಸ್ತಾದರು ಅವರೇ.

ಹುಡಗಿ ಎಂಬ ಊರಲ್ಲಿ ರಸ್ತೆ ಸಾಮಾನು ಇಡಲು ಒಂದು ಕೋಣೆ ಕಟ್ಟಬೇಕಾಗಿತ್ತು. ಊರ ಅಂಚಿನ ಪಾಳು ಜಾಗ. ನಬಿಸಾಬರು ಚಪ್ಪಲಿ ಕಳಚಿಟ್ಟು, ಸಬ್ಬಲ್ ಎಂಬ ಕಬ್ಬಿಣದ ಹಾರೆ ಹಿಡಿದು, ಮೊಳಕ್ಕೊಂದು ಕಡೆ ನೆಲ ಕುಟ್ಟುತ್ತ ಹೊರಟರು. ನಾನು ಹಿಂದೆ ಹಿಂದೆ ನಡೆದೆ. ಒಂದು ಕಡೆ ನಿಂತುಬಿಟ್ಟರು. ನನಗೆ ಏನೂ ತಿಳಿಯಲಿಲ್ಲ. ಸಬ್ಬಲನ್ನು ನನ್ನ ಕೈಗೆ ಕೊಟ್ಟರು.

"ಇನ್ನೊಮ್ಮಿ ಹೊಡಿ. ಕಿವಿಲೆ ಕೇಳಬ್ಯಾಡ, ಅಂಗಾಲಿಲೆ ಕೇಳು."

ಹೊಡೆದೆ. ಬೇರೆ ಕಡೆ ಹೊಡೆದಾಗ ನೆಲ ಪೆಟ್ಟನ್ನು ನುಂಗುತ್ತಿತ್ತು. ಇಲ್ಲಿ ಪೆಟ್ಟು ಕೆಳಗೆ ಹೋಗಿ, ಎಲ್ಲೋ ತಿರುಗಿ, ಅಂಗಾಲಿಗೆ ಬಂದು ಮುಟ್ಟಿತು.

ಕೆಳಗೆ ಹಗೇವು ಇತ್ತು. ಈಗಿನವರು ನೋಡಿರಲಿಕ್ಕಿಲ್ಲ, ಹಗೇವು ಎಂದರೆ ನೆಲದೊಳಗಿನ ಕಣಜ. ಮೇಲಿನ ಮಣ್ಣು ದಾಟಿ ಗಟ್ಟಿ ಗರಸು ಮಣ್ಣಿನ ಮೊರಮಿನೊಳಗೆ ಎರಡಾಳು ಆಳ ತೋಡಿ, ಸುತ್ತಲೂ ಹುಲ್ಲು ಹೊದಿಸಿ ಜೋಳ ತುಂಬುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಎಳೆದರೆ ಗುರುತೇ ಸಿಗುವುದಿಲ್ಲ. ಮನೆ ಬೀಳುತ್ತದೆ, ಮನೆತನ ಬೇರೆ ಊರಿಗೆ ಹೋಗುತ್ತದೆ, ಹಗೇವು ಅಲ್ಲೇ ಬಾಯಿ ಮುಚ್ಚಿಕೊಂಡು ಕುಳಿತಿರುತ್ತದೆ.

ಚಪ್ಪಡಿ ಸರಿಸಿ, ನಬಿಸಾಬರು ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಅರ್ಧ ಆಳಕ್ಕೆ ಹೋಗುವುದರೊಳಗೆ ದೀಪ ಸಣ್ಣಗಾಯಿತು. ಯಾರೂ ಊದಲಿಲ್ಲ, ಗಾಳಿ ಬೀಸಲಿಲ್ಲ. ಸುಮ್ಮನೆ ಆರಿತು.

"ದೀಪ ಸತ್ತ ಜಾಗಾದಾಗ ಮನಷ್ಯಾ ಇಳೀಬಾರದು," ಎಂದರು. "ತಮ್ಮ ಬಿದ್ದಾನಂತ ಅಣ್ಣ ಇಳೀತಾನ. ಅಣ್ಣ ಬರಲಿಲ್ಲಂತ ಅಪ್ಪ ಇಳೀತಾನ. ಹಿಂಗ ಮನಿ ಮನೀನೇ ಹೋಗ್ಯಾವ. ಅಂಜಿಕಿ ಇರಬೇಕು ಬೇಟಾ. ಅಂಜಿಕಿ ಇಲ್ಲದಾಂವ ಮೇಸ್ತ್ರಿ ಆಗಬಾರದು."

ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ಕೇಳಿದೆ. ನಿಜಾಮರ ಕಾಲದಲ್ಲಿ ಲೆವಿ ಜೋಳದ, ಅಂದರೆ ರೈತರು ಸರಕಾರಕ್ಕೆ ಕೊಡಲೇಬೇಕಾದ ಜೋಳದ, ವಸೂಲಿಗೆ ಬರುತ್ತಿದ್ದವರ ಹಿಂದೆ ಅವರು ಜವಾನರಾಗಿ ತಿರುಗಿದ್ದರಂತೆ. ರೈತರು ಬಚ್ಚಿಟ್ಟ ಹಗೇವುಗಳನ್ನು ಸಬ್ಬಲ್ ಹೊಡೆದು ಹುಡುಕಿಕೊಡುವುದೇ ಅವರ ಕೆಲಸ. "ಪಾಪದ ವಿದ್ಯಾ ಇದು. ಈಗ ಪುಣ್ಯಕ್ಕ ಬಳಸಾಕತ್ತೀನಿ," ಎಂದು ಚಪ್ಪಲಿ ಮೆಟ್ಟಿಕೊಂಡರು.

ಅಂದಿನಿಂದ ನಾನು ಎಲ್ಲಿ ಕೆಲಸಕ್ಕೆ ಹೋದರೂ ಮೊದಲು ನೆಲ ಕುಟ್ಟುತ್ತಿದ್ದೆ. ಅಡಿ, ಗಜ ಹೋಗಿ ಮೀಟರು ಬಂತು, ಉರ್ದು ಹೋಗಿ ಕನ್ನಡ ಬಂತು, ನಾನೇ ಮೇಸ್ತ್ರಿಯಾದೆ. ಕುಟ್ಟುವುದು ಬಿಡಲಿಲ್ಲ. ಜೊತೆಯವರು ನಗುತ್ತಿದ್ದರು. ಹಾವು ಕಡಿದವನಿಗೆ ಹಗ್ಗ ಕಂಡರೂ ಭಯ ಎನ್ನುತ್ತಾರಲ್ಲ, ನನಗೆ ಹಾವು ಕಡಿಯುವ ಮೊದಲೇ ಆ ಭಯ ಬಂದಿತ್ತು.

ಇನ್ನೊಂದು ಭಯ ಬಂದದ್ದು ಬಸವಕಲ್ಯಾಣದಲ್ಲಿ. ಅಲ್ಲಿನ ಬಂಗಲೆಯೊಂದರಲ್ಲಿದ್ದ ಸಾಹೇಬರಿಗೆ ಬ್ಯಾಡ್ಮಿಂಟನ್ ಹುಚ್ಚು. ಹಿತ್ತಲಲ್ಲಿ ಒಂದು ಅಂಕಣ ಮಾಡಿಕೊಡು ಎಂದರು. ಅವಸರ ಮಾಡಿ ಎರಿ ಮಣ್ಣಿನ ಮೇಲೆಯೇ ಕಾಂಕ್ರೀಟು ಹಾಕಿಸಿದೆ. ಕನ್ನಡಿ ಹಾಗೆ ನುಣುಪಾಗಿತ್ತು, ನಾನು ಮೀಸೆ ತಿರುವಿದೆ. ಮಳೆಗಾಲಕ್ಕೆ ನಡುವೆ ಉಬ್ಬಿತು. ಬೇಸಿಗೆಗೆ ಮೂರು ತುಂಡಾಯಿತು. ಸಾಹೇಬರು ಹಿಂದಕ್ಕೆ ಓಡಿ ಹೊಡೆಯಲು ಹೋಗಿ, ಬಿರುಕಿನಲ್ಲಿ ಕಾಲು ಸಿಕ್ಕಿ ಬಿದ್ದರು.

ಮರುದಿನ ಕಚೇರಿಯ ಜನರನ್ನೆಲ್ಲ ಅಲ್ಲಿಗೆ ಕರೆಸಿದರು. ನನ್ನನ್ನು ಮಂಡಿಯೂರಿಸಿ, ಆ ಬಿರುಕಿನೊಳಗೆ ಕೈ ಹಾಕಿಸಿದರು. ಎಷ್ಟು ಆಳವಿದೆ ಎಲ್ಲರಿಗೂ ಕೇಳುವ ಹಾಗೆ ಹೇಳು ಎಂದರು. "ಮೊಣಕೈತನಕ ಅದರಿ," ಎಂದೆ. ಇನ್ನೂ ಜೋರಾಗಿ ಎಂದರು. ಮತ್ತೆ ಹೇಳಿದೆ. ಯಾರೋ ನಕ್ಕರು. ಆ ನಗುವನ್ನು ನಾನು ಮರೆಯಲಿಲ್ಲ. ಆಮೇಲೆ ಬಂದ ಒಬ್ಬ ತರುಣ ಇಂಜಿನಿಯರು ಸರಿಯಾದ ದಾರಿ ಕಲಿಸಿದರು: ಕರಿ ಮಣ್ಣು ತೆಗೆದುಹಾಕು, ಮೊರಂ ಪದರ ಪದರವಾಗಿ ತುಂಬು, ನೀರು ಹಾಕಿ ಕುಟ್ಟು, ನೀರು ಹರಿದುಹೋಗಲು ಒಂದು ಕಡೆಗೆ ಇಳಿಜಾರು ಕೊಡು. ಅದನ್ನು ಕಲಿತೆ. ಆದರೆ ಸಾಹೇಬರು ಹೆಸರು ಹಿಡಿದು ಕರೆದರೆ ಸಾಕು, ಕೈ ತಾನಾಗಿ ಬೆನ್ನ ಹಿಂದೆ ಹೋಗುವುದು ಶುರುವಾಯಿತು.

ಈಗ ಹುಮನಾಬಾದಿನ ಮಾತಿಗೆ ಬರುತ್ತೇನೆ. ಎಂಬತ್ತರ ದಶಕದ ಮೊದಲ ವರ್ಷಗಳು. ಊರಲ್ಲಿ ಶಿವರಾಜಪ್ಪ ಎಂಬ ಬೇಳೆ ವ್ಯಾಪಾರಿ ಇದ್ದರು. ಮುಂಬೈಯಲ್ಲಿ ಕಂಪನಿ ಕೆಲಸದಲ್ಲಿದ್ದವರು, ಅಣ್ಣ ತೀರಿಕೊಂಡ ಮೇಲೆ ವ್ಯಾಪಾರ ನೋಡಿಕೊಳ್ಳಲು ಹಿಂದಿರುಗಿದ್ದರು. ಬರುವಾಗ ಗಾಲ್ಫ್ ಆಟದ ರುಚಿ ತಂದಿದ್ದರು. ಅದರ ಜೊತೆಗೆ, ಹಡಗಿನಲ್ಲಿ ಬಂದ ಸಾಮಾನು ಮಾರುವವರಿಂದ ಕೊಂಡ ಹಸಿರು ಪ್ಲಾಸ್ಟಿಕ್ ಹುಲ್ಲಿನ ದೊಡ್ಡ ಸುರುಳಿ. ಹಿತ್ತಲಲ್ಲಿ ನೆಲ ಸಮ ಮಾಡಿಸಿ ಅದನ್ನು ಹಾಸಬೇಕು, ನಡುವೆ ಒಂದು ಸಣ್ಣ ಕುಣಿ ಇರಬೇಕು, ಸಂಜೆ ಹೊತ್ತು ಕೋಲಿನಿಂದ ಚೆಂಡು ತಳ್ಳಿ ಅದರೊಳಗೆ ಬೀಳಿಸಬೇಕು. ಇಷ್ಟೇ ಅವರ ಆಸೆ.

ನಮ್ಮ ಸಾಹೇಬರು ಅವರ ಗೆಳೆಯರು. ನನ್ನನ್ನು ಕರೆದು, "ರಜೆ ಹಾಕಿ ಅವರ ಕೆಲಸ ಮಾಡಿಕೊಡು. ಗುರುವಾರ ಸಂಜೆ ನಾವು ನಾಲ್ಕು ಜನ ಆಡೋಕೆ ಬರ್ತೀವಿ. ಬಸವಕಲ್ಯಾಣದ ಕಥೆ ಇಲ್ಲಿ ಆಗಬಾರದು," ಎಂದರು. ಆ ಕಥೆ ಇವರ ಕಿವಿಗೂ ಬಿದ್ದಿತ್ತು. ಇಪ್ಪತ್ತೈದು ವರ್ಷ ಹಂಗಾಮಿಯಾಗಿ ದುಡಿದಿದ್ದೆ. ನನ್ನನ್ನು ಕಾಯಂ ಮಾಡುವ ಕಾಗದ ಅವರ ಮೇಜಿನ ಮೇಲಿತ್ತು. "ಆಗಲಿರಿ ಸಾಹೇಬ್ರ," ಎಂದೆ. ಕೈ ಬೆನ್ನ ಹಿಂದೆ ಇತ್ತು.

ಕೆಲಸಕ್ಕೆ ಮಾರುತಿಯನ್ನು ಕರೆದುಕೊಂಡೆ. ಮಾರುತಿ ನಿರ್ಣಾ ಎಂಬ ಊರಿನವನು, ನನ್ನ ಕೈಕೆಳಗೆ ಇಪ್ಪತ್ತು ವರ್ಷ ಮಣ್ಣು ಕೆಲಸ ಮಾಡಿದವನು. ನಾಲ್ಕು ಮಕ್ಕಳ ತಂದೆ. ದಿಮ್ಮಸು ಹಿಡಿದು ನೆಲ ಕುಟ್ಟಿದರೆ ಅವನಷ್ಟು ಸಮ ಮಾಡುವವರು ತಾಲೂಕಿನಲ್ಲಿ ಇರಲಿಲ್ಲ. ಇನ್ನಿಬ್ಬರು ಆಳುಗಳೂ ಬಂದರು. ಮಾರುತಿ ಹಸಿರು ಸುರುಳಿಯನ್ನು ಮುಟ್ಟಿ ನೋಡಿದ.

"ಇಷ್ಟು ದೊಡ್ಡವ್ರು ಗೋಲಿ ಆಡ್ತಾರೇನ್ರಿ?"

"ಗೋಲಿ ಅಲ್ಲೋ, ಬ್ಯಾರೆ ಆಟ ಅದು."

"ಕುಣಿಯಾಗ ಹಾಕೋದು ಹೌದಲ್ರಿ? ಹಂಗಾದ್ರ ಗೋಲೀನೇ ಅದ," ಎಂದು ಕೆಲಸಕ್ಕೆ ನಿಂತ.

ಸೋಮವಾರ ಎರಡು ಮೊಳ ಕರಿ ಮಣ್ಣು ತೆಗೆದೆವು. ತಳ ಕಂಡ ಮೇಲೆ ನಾನು ರೂಢಿಯಂತೆ ಚಪ್ಪಲಿ ಬಿಟ್ಟು ಸಬ್ಬಲ್ ಹಿಡಿದು ಕುಟ್ಟುತ್ತ ಹೋದೆ. ಪಡುವಣ ಮೂಲೆಗೆ ಬಂದಾಗ ಪೆಟ್ಟು ತಿರುಗಿ ಅಂಗಾಲಿಗೆ ಬಂತು. ಹುಡಗಿಯಲ್ಲಿ ಬಂದಷ್ಟು ಜೋರಾಗಿ ಅಲ್ಲ. ಇನ್ನೊಮ್ಮೆ ಹೊಡೆದೆ. ಮತ್ತೆ ಬಂತು. ಎರಡು ಹೆಜ್ಜೆ ಆಚೆ ಮಾರುತಿ ಬರಿಗಾಲಲ್ಲಿ ಪುಟ್ಟಿ ಹಿಡಿದು ನಿಂತಿದ್ದ. ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಶಿವರಾಜಪ್ಪನವರ ತಾಯಿ ಗುರುಬಸವ್ವ ಹಿತ್ತಲ ಬಾಗಿಲಲ್ಲಿ ನಿಂತು ಬೆಳಗಿನಿಂದಲೂ ನಮ್ಮನ್ನು ನೋಡುತ್ತಿದ್ದರು. ಎಂಬತ್ತರ ಹತ್ತಿರದ ಮುದುಕಿ. ಹತ್ತಿರ ಹೋಗಿ ಕೇಳಿದೆ.

"ಅವ್ವಾರ, ಈ ಹಿತ್ತಲದಾಗ ಮೊದಲು ಹಗೇವು ಇತ್ತೇನ್ರಿ?"

ಅವರು ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಸಬ್ಬಲ್ ನೋಡಿದರು. "ನೀ ಸರಕಾರದಾಂವ ಹೌದಲ್ಲೋ ತಮ್ಮಾ?"

"ಹೌದ್ರಿ ಅವ್ವಾರ."

"ಇಲ್ಲ. ಇಲ್ಲಿ ಏನೂ ಇಲ್ಲ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಇಲ್ಲ ಎನ್ನುವವರು ಮೊದಲು ನೀನು ಯಾರು ಎಂದು ಕೇಳುವುದಿಲ್ಲ. ಅಷ್ಟು ತಿಳಿಯದ ದಡ್ಡ ನಾನಲ್ಲ. ಆದರೆ ಹಗೇವು ಇದೆ ಎಂದಾದರೆ ಬಾಯಿ ತೆರೆಯಬೇಕು, ಗಾಳಿಗೆ ಬಿಡಬೇಕು, ಗಾಡಿಗಟ್ಟಲೆ ಮಣ್ಣು ತಂದು ತುಂಬಬೇಕು. ವಾರ ಬೇಕು. ಗುರುವಾರ ಸಾಹೇಬರು ಬರುತ್ತಾರೆ. ಬಿರುಕಿನಲ್ಲಿ ಕೈ ಹಾಕಿ ಮಂಡಿಯೂರಿದ್ದು ಕಣ್ಣ ಮುಂದೆ ಬಂತು. ಇಲಿ ಬಿಲ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಮನೆಯವರೇ ಇಲ್ಲ ಎಂದಮೇಲೆ ನನ್ನದೇನು ಎಂದೂ ಹೇಳಿಕೊಂಡೆ.

"ಮೊರಂ ಹಾಕ್ರಿ," ಎಂದೆ.

ಮಾರುತಿ ಒಂದು ಗಳಿಗೆ ತಡೆದ. ಆಮೇಲೆ ಪುಟ್ಟಿ ಎತ್ತಿದ.

ಮಂಗಳವಾರ ಒಂದು ಪದರ, ಬುಧವಾರ ಬೆಳಿಗ್ಗೆ ಇನ್ನೊಂದು. ನೀರು ಹಾಕಿ ಕಲ್ಲಿನ ರೋಲರು ಉರುಳಿಸಿದೆವು. ಪಡುವಣ ಮೂಲೆಯಲ್ಲಿ ನೀರು ಬೇರೆ ಕಡೆಗಿಂತ ಬೇಗ ಇಂಗುತ್ತಿತ್ತು. ನೋಡಿದೆ, ನೋಡದವನ ಹಾಗಿದ್ದೆ. ಎರಡು ದಿನ ಆ ಮೂಲೆಯಲ್ಲಿ ನಾನು ಕಾಲಿಡಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ರೋಲರು ಮೂಲೆಯವರೆಗೆ ಹೋಗುವುದಿಲ್ಲ, ಅಲ್ಲಿ ದಿಮ್ಮಸಿನಿಂದಲೇ ಕುಟ್ಟಬೇಕು. ಬುಧವಾರ ಊಟವಾದ ಮೇಲೆ ಮಾರುತಿ ಅಲ್ಲಿ ನಿಂತ. ನಾನು ಈಚೆ ತುದಿಯಲ್ಲಿ ರಸಮಟ್ಟ ಹಿಡಿದು ಇಳಿಜಾರು ನೋಡುತ್ತಿದ್ದೆ. ದಿಮ್ಮಸಿನ ಸಪ್ಪಳ ಒಂದೇ ಸಮನೆ ಬರುತ್ತಿತ್ತು. ನಾಲ್ಕೋ ಐದೋ ಪೆಟ್ಟಿನ ಮೇಲೆ ಸಪ್ಪಳ ಬದಲಾಯಿತು. ತಲೆ ಎತ್ತಿದೆ. ಮಾರುತಿ ದಿಮ್ಮಸನ್ನು ಎದೆಮಟ್ಟ ಎತ್ತಿದ್ದ. ಅದು ಕೆಳಗಿಳಿಯಿತು, ಅದರ ಹಿಂದೆಯೇ ಅವನೂ ಇಳಿದುಹೋದ. ಕೂಗಲಿಲ್ಲ. ಚಪ್ಪಡಿ ಮುರಿದ ಸಪ್ಪಳ, ಮೊರಂ ಸುರಿದ ಸಪ್ಪಳ, ಅಷ್ಟೇ. ಅವನು ನಿಂತಿದ್ದಲ್ಲಿ ಒಂದು ಕರಿ ಬಾಯಿ ಇತ್ತು.

ಓಡಿಹೋಗಿ ಹೊಟ್ಟೆಯ ಮೇಲೆ ಮಲಗಿ ಬಗ್ಗಿದೆ. ಹುಳಿತ ಹುಲ್ಲಿನ ವಾಸನೆ ಮುಖಕ್ಕೆ ಬಡಿಯಿತು.

"ಮಾರುತೀ!"

"ಇದ್ದೀನ್ರಿ ಮೇಸ್ತ್ರಿ," ಎಂದ. ಸ್ವಲ್ಪ ತಡೆದು, "ಕಾಲು ಉಳುಕ್ಯದ. ಉಸಿರು ಹಿಡಿದಂಗ ಆಗಾಕತ್ತದ," ಎಂದ. ಇನ್ನೊಂದು ಸಲ ಕೂಗಿದೆ. ಈ ಸಲ ಉತ್ತರ ಬರಲಿಲ್ಲ.

ಆಳುಗಳಲ್ಲಿ ಒಬ್ಬ ಧೋತರ ಕಚ್ಚೆ ಕಟ್ಟಿ ಇಳಿಯಲು ಹೊರಟ. ಅವನ ಸೊಂಟ ಹಿಡಿದು ಕೆಡವಿದೆ. ಕಂದೀಲು ತರಿಸಿ ಹಚ್ಚಿ ಇಳಿಬಿಟ್ಟೆ. ಕಂದೀಲು ಗೋಡೆಗೆ ಬಡಿಯುತ್ತ ಇಳಿಯಿತು. ಮಾರುತಿಯ ತಲೆ ಕಂಡಿತು, ಬಿದ್ದ ಮೊರಮಿನ ರಾಶಿಗೆ ಒರಗಿದ್ದ. ಅಷ್ಟರಲ್ಲಿ ದೀಪ ಸಣ್ಣಗಾಗಿ ಆರಿತು.

ಕಂಬಳಿಗೆ ಹಗ್ಗ ಕಟ್ಟಿ ಇಳಿಬಿಟ್ಟು, ಎಳೆದು, ಮತ್ತೆ ಇಳಿಬಿಟ್ಟು ಗಾಳಿ ಕಲಕತೊಡಗಿದೆವು. ಇದೂ ನಬಿಸಾಬರು ಹೇಳಿಕೊಟ್ಟದ್ದೇ. ಬಾಯಿ ಒಂದೇ ಇದ್ದಾಗ ಕೆಟ್ಟ ಗಾಳಿ ಬೇಗ ಹೋಗುವುದಿಲ್ಲ. ಅತ್ತ ಇಳಿದರೆ ನಾವು ಸಾಯುತ್ತೇವೆ, ಇತ್ತ ನಿಂತರೆ ಅವನು ಸಾಯುತ್ತಾನೆ. ಅವನ ನಾಲ್ಕು ಮಕ್ಕಳ ಹೆಸರು ಒಂದೊಂದಾಗಿ ನೆನಪಾಗುತ್ತಿತ್ತು. ಬೇಡವೆಂದರೂ ನೆನಪಾಗುತ್ತಿತ್ತು.

ಆಗ ಗುರುಬಸವ್ವ ಓಡುತ್ತ ಬಂದರು. ಆ ವಯಸ್ಸಿಗೆ ಅದನ್ನು ಓಡುವುದು ಎಂದೇ ಹೇಳಬೇಕು. ತಲೆಯ ಸೆರಗು ಜಾರಿತ್ತು.

"ಜೋಡಿ ಹಗೇವು ಅದು," ಎಂದರು. "ಒಳಗ ಹಾದಿ ಅದ. ಇನ್ನೊಂದು ಬಾಯಿ ಬ್ಯಾಳಿ ಕ್ವಾಣಿಯಾಗ ಅದ. ಮೂಲ್ಯಾಗಿನ ಪರಸಿ ಕೀಳ್ರಿ, ಲಗೂ ಕೀಳ್ರಿ."

ಬೇಳೆ ಚೀಲಗಳನ್ನು ಎಳೆದೆಸೆದು ಮೂಲೆಯ ಪರಸಿ ಕಲ್ಲು ಕಿತ್ತೆವು. ಕೆಳಗೆ ಮಣ್ಣು, ಅದರ ಕೆಳಗೆ ಚಪ್ಪಡಿ. ಅದು ಎದ್ದೊಡನೆ ಕೋಣೆಯ ತುಂಬ ಅದೇ ವಾಸನೆ ಹಬ್ಬಿತು. ಹಿತ್ತಲಲ್ಲಿ ಒಬ್ಬ ಕಂಬಳಿ ಆಡಿಸುತ್ತಲೇ ಇದ್ದ. ನಾನು ಅಲ್ಲಿಗೆ ಓಡಿ, ಕಂದೀಲು ಮತ್ತೆ ಹಚ್ಚಿ ಮಾರುತಿ ಬಿದ್ದ ಬಾಯಿಯೊಳಗೆ ಇಳಿಬಿಟ್ಟೆ. ಸಣ್ಣಗಾಯಿತು. ಆರಲಿಲ್ಲ. ಮೂರೆಣಿಸುವಷ್ಟು ಹೊತ್ತು ಅದನ್ನೇ ನೋಡಿದೆ. ಆರಲಿಲ್ಲ.

ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ನಾನೇ ಇಳಿದೆ. ಧೈರ್ಯವಂತ ಎಂದು ಆಮೇಲೆ ಜನ ಹೊಗಳಿದರು. ಧೈರ್ಯ ಅಲ್ಲ ಅದು. ಬೇರೆ ಯಾರನ್ನಾದರೂ ಇಳಿಸುವ ಮುಖ ನನಗೆ ಇರಲಿಲ್ಲ. ಒಳಗೆ ಕತ್ತಲು, ಬಿಸಿ, ಎದೆಯ ಮೇಲೆ ಚೀಲ ಇಟ್ಟ ಹಾಗೆ ಭಾರ. ಅವನ ಕಂಕುಳಿಗೆ ಎರಡನೆಯ ಹಗ್ಗ ಹಾಕಿ ಎಳೆಯಿರಿ ಎಂದು ಕೂಗಿದೆ. ಅವನ ಕಾಲು ನನ್ನ ಮುಖಕ್ಕೆ ತಾಗುತ್ತ ಮೇಲೆ ಹೋಯಿತು. ಆ ಕಾಲು ಬೆಚ್ಚಗಿತ್ತು. ಅದೊಂದೇ ನನಗೆ ಆಗ ಬೇಕಾಗಿತ್ತು.

ಮಾರುತಿ ಬದುಕಿದ. ಕೆಟ್ಟ ಗಾಳಿ ತಳದಲ್ಲೇ ಹೆಚ್ಚು; ರಾಶಿಯ ಮೇಲೆ ಬಿದ್ದು ತಲೆ ಎತ್ತರದಲ್ಲಿ ಉಳಿದದ್ದರಿಂದ ಬದುಕಿದ. ಆಸ್ಪತ್ರೆಯಲ್ಲಿ ಎಂಟು ದಿನ ಇದ್ದ.

ಅವನು ಬಿದ್ದ ದಿನವೇ ಸಂಜೆ ಸಾಹೇಬರು ಬಂದರು. ಶಿವರಾಜಪ್ಪನವರು ಎಲ್ಲರ ಮುಂದೆ ತಾಯಿಯ ಮೇಲೆ ರೇಗುತ್ತಿದ್ದರು. "ಮೇಸ್ತ್ರಿ ಬಂದು ಕೇಳಿದಾಗ ಯಾಕ ಹೇಳಲಿಲ್ಲವ್ವಾ? ಒಬ್ಬನ ಜೀವಾ ಹೋಗ್ತಿತ್ತು."

ಮುದುಕಿ ಕಟ್ಟೆಯ ಮೇಲೆ ಕುಳಿತಿದ್ದರು. "ಲೆವಿ ಕಾಲದಾಗ ನಿಮ್ಮಪ್ಪ ಆಣಿ ಹಾಕಿಸಿದ್ರು. ಸರಕಾರದಾಂವ ಸಬ್ಬಲ್ ಹಿಡ್ಕೊಂಡು ಬಂದ್ರ ಪ್ರಾಣ ಹೋದ್ರೂ ಬಾಯಿ ಬಿಡಬ್ಯಾಡ ಅಂದಿದ್ರು. ಆ ಕಾಲ ಹೋಗ್ಯದಂತ ಗೊತ್ತದ. ಸಬ್ಬಲ್ ನೋಡಿ ಅಂಜಿಕಿ ಬಂತು," ಎಂದರು.

ಸಾಹೇಬರು ನನ್ನ ಕಡೆ ತಿರುಗಿದರು. "ನೆಲ ಕುಟ್ಟಿ ನೋಡಿರಲಿಲ್ವಾ?"

ಕೈ ಬೆನ್ನ ಹಿಂದೆ ಹೋಯಿತು. "ನೋಡಿದ್ದೆರಿ ಸಾಹೇಬ್ರ. ಏನೂ ಕೇಳಿಸಲಿಲ್ಲ."

ಗುರುಬಸವ್ವ ತಲೆ ಎತ್ತಿ ನನ್ನನ್ನು ನೋಡಿದರು. ಬಾಗಿಲಲ್ಲಿ ನಿಂತು ಅವರು ಎಲ್ಲ ಕಂಡಿದ್ದರು. ಒಂದೇ ಜಾಗದಲ್ಲಿ ನಾನು ಎರಡು ಸಲ ಹೊಡೆದದ್ದನ್ನೂ, ನನ್ನ ಮುಖವನ್ನೂ ಕಂಡಿದ್ದರು. ಏನೂ ಹೇಳಲಿಲ್ಲ. ಸಾಯುವವರೆಗೆ ಆ ಮನೆಯಲ್ಲಿ, ಆ ಓಣಿಯಲ್ಲಿ, ಜೀವ ತೆಗೆಯಲಿದ್ದ ಮುದುಕಿ ಎಂದೇ ಅನ್ನಿಸಿಕೊಂಡರು. ನನ್ನ ಕಾಯಂ ಕಾಗದಕ್ಕೆ ಸಹಿ ಬಿತ್ತು.

ಹಗೇವು ತುಂಬಿಸಿ, ಮತ್ತೆ ಮೊರಂ ಕುಟ್ಟಿಸಿ, ಕಲ್ಲುಪುಡಿ ಹರಡಿ ಹಸಿರು ಚಾಪೆ ಹಾಸಿಕೊಟ್ಟೆ. ನೋಡಲು ಚೆನ್ನಾಗಿಯೇ ಇತ್ತು. ಆದರೆ ತುಂಬಿದ ಮಣ್ಣು ಪ್ರತಿ ಮಳೆಗೂ ಒಂದಿಷ್ಟು ಕೂರುತ್ತಿತ್ತು. ಶಿವರಾಜಪ್ಪನವರು ಎಲ್ಲಿಂದ ತಳ್ಳಿದರೂ ಚೆಂಡು ಕುಣಿಯ ಹತ್ತಿರ ಹೋಗಿ, ಮೆಲ್ಲಗೆ ಪಕ್ಕಕ್ಕೆ ತಿರುಗಿ, ಪಡುವಣ ಮೂಲೆಗೆ ಹೋಗಿ ನಿಲ್ಲುತ್ತಿತ್ತು. ಮೂರು ಸಲ ಸರಿಮಾಡಲು ಕರೆದರು. ಮೂರು ಸಲವೂ ಆ ಚೆಂಡು ಹೋಗುವುದನ್ನು ನೋಡುತ್ತ ನಿಂತೆ. ಕೊನೆಗೆ ಅವರಿಗೂ ಬೇಸರವಾಯಿತು. ಮನೆಯ ಹೆಂಗಸರು ಆ ಚಾಪೆಯ ಮೇಲೆ ಶಾವಿಗೆ, ಸಂಡಿಗೆ ಒಣಗಿಸತೊಡಗಿದರು.

ಮಾರುತಿ ಮತ್ತೆ ಯಾವ ಕುಣಿಗೂ ಇಳಿಯಲಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಲಗಲಿಲ್ಲ. ನಾನು ನಿವೃತ್ತನಾದ ಮೇಲೂ ಸಂತೆಗೆ ಬಂದಾಗ ಮನೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದ. ಕೊನೆಯ ಸಲ ಬಂದಾಗ ಕಪ್ಪು ಕೆಳಗಿಟ್ಟು ಕೇಳಿದ.

"ಮೇಸ್ತ್ರಿ, ಆವತ್ತು ಸಬ್ಬಲ್ ಹೊಡದಾಗ ನಿಮಗ ಸಪ್ಪಳ ಕೇಳಿಸಿತ್ತೇನ್ರಿ?"

ಅವನು ಬರಿಗಾಲಲ್ಲಿ ಎರಡೇ ಹೆಜ್ಜೆ ಆಚೆ ನಿಂತಿದ್ದ. ನೆನಪಿದೆಯಲ್ಲ.

"ಇಲ್ಲೋ," ಎಂದೆ.

ಅವನು ನನ್ನನ್ನೇ ನೋಡಿದ. ಸಿಟ್ಟಿರಲಿಲ್ಲ. "ಹಂಗಾದ್ರ ನನಗೂ ಕೇಳಿಸಿರಲಿಲ್ಲ ಬಿಡ್ರಿ," ಎಂದು ಟವಲು ಹೆಗಲಿಗೆ ಹಾಕಿಕೊಂಡು ಎದ್ದ. ಮುಂದಿನ ಮಳೆಗಾಲಕ್ಕೆ ಜ್ವರದಿಂದ ತೀರಿಕೊಂಡ.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ. ನೆಲ ಕುಟ್ಟಿರಿ, ಅಂಗಾಲಿನಿಂದ ಕೇಳಿರಿ, ಕೇಳಿಸಿದ್ದನ್ನು ಅಲ್ಲಿಯೇ ಬಾಯಿ ಬಿಟ್ಟು ಹೇಳಿರಿ. ನೀವು ಸುಮ್ಮನಾದರೆ ನಿಮ್ಮ ಕೈಕೆಳಗಿನವನೂ ಸುಮ್ಮನಾಗುತ್ತಾನೆ, ಮತ್ತು ದಿಮ್ಮಸು ಹಿಡಿದು ಆ ಮೂಲೆಯಲ್ಲಿ ನಿಲ್ಲುವವನು ಅವನೇ.

ಕೇಳಿಸಿತ್ತು ಮಾರುತಿ. ಎರಡು ಸಲವೂ ಕೇಳಿಸಿತ್ತು.